ನಿಂತು ನಿಂತು ಸಾಗುವ ಗಾಡಿ

ಆಳಂದ, ಅಫಜಲಪುರ, ಜೇವರ್ಗಿ. ಕಲಬುರಗಿ ಜಿಲ್ಲೆಯ ಈ ಮೂರು ತಾಲೂಕು ಪಟ್ಟಣಗಳಲ್ಲಿ ಒಂದಕ್ಕೂ ರೈಲು ನಿಲ್ದಾಣವಿಲ್ಲ. ಆದರೂ ಪ್ಯಾಸೆಂಜರ್ ಗಾಡಿಯ ಅಳಿವು ಉಳಿವಿನ ಪ್ರಶ್ನೆ ಎದ್ದಾಗ ಮೊದಲು ನೆನಪಾಗಬೇಕಾದವರು ಈ ಮೂರು ತಾಲೂಕುಗಳ ಜನರೇ. ಆಳಂದದವರೂ ಜೇವರ್ಗಿಯವರೂ ಬಸ್ಸಿನಲ್ಲಿ ಸುಮಾರು ನಲವತ್ತು ಕಿಲೋಮೀಟರ್ ಸಾಗಿ ಕಲಬುರಗಿ ನಿಲ್ದಾಣವನ್ನು ಮುಟ್ಟಬೇಕು. ಅಫಜಲಪುರದ ಕಡೆಯವರು ಗಾಣಗಾಪುರ ರೋಡ್ ನಿಲ್ದಾಣಕ್ಕೋ, ಗಡಿಯಾಚೆ ಮಹಾರಾಷ್ಟ್ರದ ದುಧನಿಗೋ ಹೋಗಬೇಕು. ಇಷ್ಟು ಶ್ರಮಪಟ್ಟು ರೈಲು ಹತ್ತುವವನು ವಿಹಾರಕ್ಕೆ ಹೊರಟವನಲ್ಲ. ಸೋಲಾಪುರದ ಆಸ್ಪತ್ರೆಗೆ, ಪುಣೆಯ ಕಟ್ಟಡ ಕೆಲಸಕ್ಕೆ, ಮುಂಬಯಿಯ ಕೂಲಿಗೆ, ಮಗಳ ಮನೆಗೆ, ಕಾಲೇಜಿನ ಪರೀಕ್ಷೆಗೆ ಹೊರಟವನು ಅವನು.

ಈ ಹಳಿಯ ಚರಿತ್ರೆಯನ್ನು ಸ್ವಲ್ಪ ಗಮನಿಸೋಣ. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1860ರಲ್ಲಿ ಸೋಲಾಪುರವನ್ನು ತಲುಪಿತು. ಅಲ್ಲಿಂದ ನಿಜಾಮರ ಸೀಮೆಯನ್ನು ಹೊಕ್ಕು, 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಕಡೆಯಿಂದ ಬಂದ ಹಳಿಯನ್ನು ಕೂಡಿಕೊಂಡಿತು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿದ್ದು 1874ರಲ್ಲಿ. ಮುಂಬಯಿ ಮತ್ತು ಮದ್ರಾಸುಗಳನ್ನು ಜೋಡಿಸುವುದು ಆ ಕಂಪನಿಗಳ ಉದ್ದೇಶವಾಗಿತ್ತೇ ಹೊರತು ನಮ್ಮ ಹಳ್ಳಿಗಳ ಯೋಗಕ್ಷೇಮವಲ್ಲ. ಹಾಗಿದ್ದರೂ ಸಾವಳಗಿ, ಕುಲಾಲಿ, ಬೋರೋಟಿ, ನಾಗಣಸೂರಗಳಂತಹ ಸಣ್ಣ ಊರುಗಳಿಗೆ ನಿಲ್ದಾಣ ದೊರೆತದ್ದು ಹೇಗೆ? ಒಂಟಿ ಹಳಿಯ ಮೇಲೆ ಎದುರುಬದುರಾಗಿ ಬರುವ ಗಾಡಿಗಳಲ್ಲಿ ಒಂದು ಪಕ್ಕಕ್ಕೆ ಸರಿದು ನಿಂತು ಇನ್ನೊಂದಕ್ಕೆ ದಾರಿ ಬಿಡಬೇಕಾಗುತ್ತಿತ್ತು. ಉಗಿಬಂಡಿಗೆ ಆಗಾಗ ನೀರು ತುಂಬಬೇಕಾಗುತ್ತಿತ್ತು. ಕೆಲವು ಮೈಲಿಗೊಂದು ನಿಲ್ದಾಣ ಯಂತ್ರಕ್ಕೆ ಬೇಕಾಗಿತ್ತು. ಅದರ ಲಾಭ ಮನುಷ್ಯರಿಗೂ ದೊರೆಯಿತು.

ಈಗ ಉಗಿಬಂಡಿಯಿಲ್ಲ. ಇತ್ತೀಚಿನ ವರ್ಷಗಳಲ್ಲಿ ಸೋಲಾಪುರದಿಂದ ವಾಡಿಯವರೆಗೆ ಜೋಡಿ ಹಳಿ ಬಂದಿದೆ, ವಿದ್ಯುತ್ ತಂತಿಯೂ ಬಂದಿದೆ. ಗಾಡಿ ನಿಲ್ಲಬೇಕಾದ ಯಾಂತ್ರಿಕ ಕಾರಣಗಳು ಒಂದೊಂದಾಗಿ ಮಾಯವಾಗಿವೆ. ಇನ್ನು ಅಲ್ಲಿ ಗಾಡಿ ನಿಂತರೆ, ಅಲ್ಲಿ ಮನುಷ್ಯರು ಕಾಯುತ್ತಿದ್ದಾರೆ ಎಂಬ ಒಂದೇ ಕಾರಣಕ್ಕೆ ನಿಲ್ಲಬೇಕು. ಆ ಕಾರಣ ಸಾಕೇ ಎಂಬುದೇ ಇಂದಿನ ಪ್ರಶ್ನೆ.

ಪ್ಯಾಸೆಂಜರ್ ಗಾಡಿಯ ಒಳಗನ್ನು ಕಂಡವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಮುಂಗಡ ಕಾಯ್ದಿರಿಸುವ ಪದ್ಧತಿಯಿಲ್ಲ. ಹೆಸರು, ವಯಸ್ಸು ಕೇಳುವವರಿಲ್ಲ. ಮೂವರಿಗೆ ಮೀಸಲಾದ ಹಲಗೆಯ ಮೇಲೆ ಐವರು ಕುಳಿತಿರುತ್ತಾರೆ. ಆರನೆಯವಳಾಗಿ ಮುದುಕಿಯೊಬ್ಬಳು ಗಂಟು ಹೊತ್ತು ಬಂದು, “ತಮ್ಮಾ, ಜರಾ ಸರೀಯಪ್ಪಾ” ಎಂದರೆ ಸಾಕು, ಜಾಗ ಹುಟ್ಟಿಕೊಳ್ಳುತ್ತದೆ. ಅರ್ಧ ಗಂಟೆಯಲ್ಲಿ ಅವಳ ಬುತ್ತಿ ಬಿಚ್ಚಿ ಜೋಳದ ರೊಟ್ಟಿಯೂ ಶೇಂಗಾ ಹಿಂಡಿಯೂ ಹೊರಬರುತ್ತವೆ. ಎದುರಿನವನಿಗೆ ಕೊಡದೆ ತಿನ್ನುವುದು ಅವಳಿಗೆ ತಿಳಿಯದು. ಹುಣ್ಣಿಮೆಯ ದಿನವಾದರೆ ಗಾಣಗಾಪುರದ ದತ್ತನ ಭಕ್ತರು ತುಂಬಿರುತ್ತಾರೆ, ಉರುಸಿನ ದಿನಗಳಲ್ಲಿ ಬಂದೇ ನವಾಜರ ದರ್ಗಾಕ್ಕೆ ಹೊರಟವರು. ಅವರ ನಡುವೆ ಮಗನನ್ನು ಬೋರ್ಡಿಂಗಿಗೆ ಬಿಡಲು ಹೊರಟ ನಮ್ಮ ಕುಟುಂಬವೂ ಒಂದು ಇರುತ್ತದೆ, ಸೀಟಿನ ಕೆಳಗೆ ತಗಡಿನ ಪೆಟ್ಟಿಗೆ ತಳ್ಳಿಕೊಂಡು. ದುಧನಿ ಬಂದಾಗ ರಾಜ್ಯ ಬದಲಾದದ್ದು ಯಾರ ಗಮನಕ್ಕೂ ಬರುವುದಿಲ್ಲ. ಅಕ್ಕಲಕೋಟ ಸೀಮೆಯಲ್ಲಿಯೂ ಕನ್ನಡವೇ ಕೇಳುತ್ತದೆ. ಹೋಟಗಿ ಸಮೀಪಿಸುವ ಹೊತ್ತಿಗೆ ಒಂದೇ ಹಲಗೆಯ ಮೇಲೆ ಕನ್ನಡ, ಮರಾಠಿ, ದಖನಿ ಮೂರೂ ನಡೆದಿರುತ್ತವೆ. ಗಡಿವಿವಾದದ ಬಗ್ಗೆ ಭಾಷಣ ಮಾಡುವ ಮುಖಂಡರು ಒಮ್ಮೆಯಾದರೂ ಈ ಗಾಡಿಯಲ್ಲಿ ಕುಳಿತು ನೋಡಬೇಕೆಂದು ನನಗೆ ಅನೇಕ ಸಲ ಅನ್ನಿಸಿದೆ.

ಇದನ್ನು ಹೇಳುವಾಗ ಬಡತನಕ್ಕೆ ಬಣ್ಣ ಬಳಿಯುವ ಅಪಾಯವೂ ಇದೆ. ನೀರಿಲ್ಲದ ಶೌಚಾಲಯ, ಬಾಗಿಲಿಗೆ ಜೋತುಬಿದ್ದ ಹುಡುಗರು, ಏಪ್ರಿಲ್ ಬಿಸಿಲಿನಲ್ಲಿ ಕಾದ ತಗಡು, ಎಕ್ಸ್‌ಪ್ರೆಸ್ ಹಾದುಹೋಗಲೆಂದು ಲೂಪ್ ಲೈನಿನಲ್ಲಿ ಕಾಯುವ ಮುಕ್ಕಾಲು ಗಂಟೆ: ಇವುಗಳಲ್ಲಿ ಯಾವ ಸೊಗಸೂ ಇಲ್ಲ. ಮೂರನೇ ದರ್ಜೆಯ ಪ್ರಯಾಣಿಕರು ಪಡುವ ಅವಮಾನವನ್ನು ಕುರಿತು ಗಾಂಧೀಜಿ 1917ರಲ್ಲಿಯೇ ಬರೆದಿದ್ದರು. 1974ರಲ್ಲಿ ಮೂರನೇ ದರ್ಜೆ ಎಂಬ ಹೆಸರು ಹೋಯಿತು. ಆ ಹೆಸರಿನ ಹಿಂದಿನ ಮನೋಭಾವ ಪೂರ್ತಿಯಾಗಿ ಹೋಯಿತೆಂದು ಹೇಳಲಾರೆ. ಜನ ಒಬ್ಬರಿಗೊಬ್ಬರು ಜಾಗ ಮಾಡಿಕೊಡುವುದು ಅವರ ದೊಡ್ಡತನ. ಜಾಗ ಸಾಲದಿರುವುದು ವ್ಯವಸ್ಥೆಯ ಸಣ್ಣತನ. ಇವೆರಡನ್ನೂ ಬೆರೆಸಿ ಮಾತನಾಡಬಾರದು.

ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು 2020ರ ಮಾರ್ಚಿನಲ್ಲಿ ನಮ್ಮ ಕಲಬುರಗಿಯಲ್ಲಿಯೇ. ಅದೇ ತಿಂಗಳು ದೇಶದಾದ್ಯಂತ ಪ್ರಯಾಣಿಕರ ಗಾಡಿಗಳೆಲ್ಲ ನಿಂತವು. ಅದು ಅನಿವಾರ್ಯವಾಗಿತ್ತೆಂದು ಒಪ್ಪೋಣ. ಆದರೆ ಗಾಡಿಗಳು ಮರಳಿದಾಗ ಯಾವುದು ಮೊದಲು ಬಂತು, ಯಾವುದು ಕೊನೆಗೆ ಎಂಬುದನ್ನು ಗಮನಿಸಬೇಕು. ದೂರದ ಎಕ್ಸ್‌ಪ್ರೆಸ್‌ಗಳು ಮೊದಲು ಬಂದವು. ಪ್ಯಾಸೆಂಜರುಗಳು ಬಹಳ ತಡವಾಗಿ, ಅದೂ ‘ವಿಶೇಷ’ ಎಂಬ ಹಣೆಪಟ್ಟಿಯೊಂದಿಗೆ ಬಂದವು. ಇನ್ನೂರು ಕಿಲೋಮೀಟರಿಗಿಂತ ದೂರ ಓಡುವ ಪ್ಯಾಸೆಂಜರುಗಳನ್ನು ಎಕ್ಸ್‌ಪ್ರೆಸ್ ಮಾಡುವ ನೀತಿ ಜಾರಿಗೆ ಬಂತು. ಎಕ್ಸ್‌ಪ್ರೆಸ್ ಆದ ಗಾಡಿ ಎಲ್ಲ ಊರುಗಳಲ್ಲಿ ನಿಲ್ಲುವ ಹಂಗನ್ನು ಹರಿದುಕೊಳ್ಳುತ್ತದೆ. ಹತ್ತು ರೂಪಾಯಿ ಇದ್ದ ಕನಿಷ್ಠ ದರ ಮೂವತ್ತಾಯಿತು. ಅದೇ ಬೋಗಿ, ಅದೇ ವೇಗ, ಅದೇ ಕಾಯುವಿಕೆ. ಬೆಲೆ ಮಾತ್ರ ಮೂರು ಪಟ್ಟು. ಹಳೆಯ ದರ ಮರಳಿ ಬಂದದ್ದು 2024ರ ಫೆಬ್ರವರಿಯ ಕೊನೆಯಲ್ಲಿ. ದಿನಗೂಲಿಯವನ ಮನೆಯಲ್ಲಿ ಇಪ್ಪತ್ತು ರೂಪಾಯಿ ಎಂದರೆ ಏನೆಂಬುದನ್ನು ನಮ್ಮ ಗೃಹಿಣಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅದರ ಮುಂದಿನ ತಿಂಗಳೇ, 2024ರ ಮಾರ್ಚಿನಲ್ಲಿ, ಕಲಬುರಗಿಯಿಂದ ಬೆಂಗಳೂರಿಗೆ ವಂದೇ ಭಾರತ್ ಗಾಡಿ ಹೊರಟಿತು. ಅದಕ್ಕೆ ನನ್ನ ಆಕ್ಷೇಪವಿಲ್ಲ. ರಾಜಧಾನಿಯಿಂದ ಇಷ್ಟು ದೂರವಿರುವ ನಗರಕ್ಕೆ ವೇಗದ ಗಾಡಿ ಬೇಕು. 2017ರಲ್ಲಿ ಬೀದರ್ ಕಲಬುರಗಿ ಹಳಿ ತೆರೆದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ತತ್ವಶಾಸ್ತ್ರ ಓದಿದವರಿಗೆ ಒಂದು ಚಾಳಿ ಇರುತ್ತದೆ, ಸಂತೋಷದ ನಡುವೆಯೂ ಹಂಚಿಕೆಯ ಲೆಕ್ಕ ಕೇಳುವುದು. ಅರಿಸ್ಟಾಟಲ್ ನ್ಯಾಯವನ್ನು ವಿಭಾಗಿಸಿ, ಸಮಾಜದ ಸಾಮಾನ್ಯ ಸಂಪತ್ತನ್ನು ಹಂಚುವುದರಲ್ಲಿ ಪಾಲಿಸಬೇಕಾದ ನ್ಯಾಯವನ್ನೇ ಬೇರೆಯಾಗಿ ಗುರುತಿಸಿದ. ಸಂತ ಥಾಮಸ್ ಅಕ್ವಿನಾಸರು ಅದನ್ನು ಮುಂದುವರಿಸಿದರು. ಹಳಿ ಸಾಮಾನ್ಯ ಸಂಪತ್ತು. ಒಂದು ಗಾಡಿ ಬೇಗ ಹೋಗಬೇಕಾದರೆ ಇನ್ನೊಂದು ಪಕ್ಕಕ್ಕೆ ನಿಲ್ಲಲೇಬೇಕು. ಯಾವಾಗಲೂ ಒಂದೇ ಗಾಡಿಯನ್ನು ನಿಲ್ಲಿಸುವುದೆಂದರೆ, ಅದರೊಳಗೆ ಕುಳಿತವರ ಸಮಯಕ್ಕೆ ಬೆಲೆಯಿಲ್ಲವೆಂದು ಮೊದಲೇ ತೀರ್ಮಾನಿಸಿದಂತೆ. ವಾಸ್ತವದಲ್ಲಿ ಅರ್ಧ ದಿನದ ಕೂಲಿ ಕಳೆದುಕೊಳ್ಳುವವನು ಆ ಗಾಡಿಯೊಳಗೇ ಇದ್ದಾನೆ.

ಬಸ್ಸು ಇದೆಯಲ್ಲ ಎಂದು ಕೇಳುವವರಿದ್ದಾರೆ. 2023ರ ಜೂನಿನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ಅದರಿಂದ ಈ ತಾಲೂಕುಗಳ ಹೆಣ್ಣುಮಕ್ಕಳಿಗೆ ಆಗಿರುವ ಉಪಕಾರ ಕಣ್ಣಿಗೆ ಕಾಣುವಂಥದ್ದು. ಆದರೆ ಆ ಉಚಿತ ಪ್ರಯಾಣ ಸೋಲಾಪುರದವರೆಗೆ ಇಲ್ಲ, ಜೊತೆಗೆ ಹೊರಟ ಗಂಡನಿಗೆ ಇಲ್ಲ, ತಲೆಯ ಮೇಲಿನ ತೊಗರಿಯ ಚೀಲಕ್ಕೂ ಇಲ್ಲ. ಡಯಾಲಿಸಿಸ್ ಮುಗಿಸಿ ಬರುವವನು, ಬಸುರಿ, ಮುದುಕರು ಕಾಲು ಚಾಚಿ ಕುಳಿತುಕೊಳ್ಳಬಲ್ಲ, ನಡುವೆ ಎದ್ದು ಓಡಾಡಬಲ್ಲ ವಾಹನ ರೈಲೊಂದೇ. ಸಾರ್ವಜನಿಕ ಸಾರಿಗೆಗೆ ಆದ್ಯತೆ ಸಲ್ಲಬೇಕು, ಆದರೆ ಅದು ಮನುಷ್ಯನ ಘನತೆಗೆ ಕುಂದು ತರುವಂತಿರಬಾರದು ಎಂಬ ಮಾತನ್ನು ಫ್ರಾನ್ಸಿಸ್ ಜಗದ್ಗುರುಗಳು 2015ರ ‘ಲೌದಾತೊ ಸಿ’ ಪರಿಪತ್ರದಲ್ಲಿ ಪ್ರಸ್ತಾಪಿಸಿದ್ದನ್ನು ನಮ್ಮ ಓದುಗರು ಬಲ್ಲರು.

ಇನ್ನೊಂದು ತೊಡಕು ಆಡಳಿತದ್ದು. ಕಲಬುರಗಿ ಸೋಲಾಪುರ ವಿಭಾಗಕ್ಕೆ ಸೇರಿದೆ, ಅದರ ಮೇಲಿನ ಕೇಂದ್ರ ಕಚೇರಿ ಮುಂಬಯಿಯಲ್ಲಿದೆ. ಬೀದರ್ ಸಿಕಂದರಾಬಾದಿನ ಕೈಯಲ್ಲಿದೆ. ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆ 2003ರಲ್ಲಿ ಬಂದರೂ ಅದರ ವ್ಯಾಪ್ತಿಗೆ ಕಲಬುರಗಿ ಬರಲಿಲ್ಲ. ಕುಲಾಲಿಯ ರೈತನ ಅಹವಾಲು ರಾಜ್ಯದ ಗಡಿಯನ್ನು ದಾಟಿ ಹೋಗಬೇಕು. ಕಲಬುರಗಿಗೇ ಪ್ರತ್ಯೇಕ ವಿಭಾಗ ಬೇಕೆಂಬ ಬೇಡಿಕೆಗೆ ಇದಕ್ಕಿಂತ ಬೇರೆ ಸಮರ್ಥನೆ ಬೇಕಿಲ್ಲ. ಆದರೆ ಅದು ಆಗುವವರೆಗೆ ಕೈಕಟ್ಟಿ ಕುಳಿತಿರಬೇಕೆಂದೇನೂ ಇಲ್ಲ. ಬೆಳಿಗ್ಗೆ ಕಾಲೇಜು ಮತ್ತು ಆಸ್ಪತ್ರೆಯ ಹೊತ್ತಿಗೆ, ಸಂಜೆ ಕೆಲಸ ಬಿಡುವ ಹೊತ್ತಿಗೆ ಎರಡೂ ದಿಕ್ಕಿನಲ್ಲಿ ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ಗಾಡಿ ಬೇಕು. ಅದಕ್ಕೆ ಹೊಂದುವಂತೆ ಗಾಣಗಾಪುರ ರೋಡಿನಿಂದ ಅಫಜಲಪುರಕ್ಕೆ, ಕಲಬುರಗಿ ನಿಲ್ದಾಣದಿಂದ ಆಳಂದ, ಜೇವರ್ಗಿಗಳಿಗೆ ಬಸ್ಸು ಬೇಕು. ರೈಲು ಬಂದ ಮೇಲೆ ಹತ್ತು ನಿಮಿಷ ಬಸ್ಸು ಕಾದರೆ ಎಷ್ಟೋ ಜನರ ರಾತ್ರಿ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕಳೆಯುವುದು ತಪ್ಪುತ್ತದೆ.

ವಿಭಾಗ ಮಟ್ಟದಲ್ಲಿ ರೈಲು ಬಳಕೆದಾರರ ಸಲಹಾ ಸಮಿತಿ ಎಂಬುದೊಂದಿದೆ. ವ್ಯಾಪಾರಿಗಳ ಸಂಘದವರು ಅದರ ಬಾಗಿಲು ತಟ್ಟಬಲ್ಲರು. ಕೂಲಿಕಾರರಿಗೆ ಅದು ಇರುವುದೇ ಗೊತ್ತಿಲ್ಲ. ನಮ್ಮ ಧರ್ಮಕೇಂದ್ರಗಳ ಯುವಕರು ಈ ಮೂರು ತಾಲೂಕುಗಳ ಹಳ್ಳಿಗಳಲ್ಲಿ, ಯಾವ ಧರ್ಮದವರೆಂದು ನೋಡದೆ, ಯಾರು ಯಾವ ನಿಲ್ದಾಣದಿಂದ ಎಷ್ಟು ಹೊತ್ತಿಗೆ ಎಲ್ಲಿಗೆ ಹೋಗಬೇಕಾಗಿದೆ ಎಂಬುದನ್ನು ಬರೆದುಕೊಂಡರೆ ಒಂದು ಮನವಿಗೆ ಬೇಕಾದ ಸಾಮಗ್ರಿ ಸಿದ್ಧವಾಗುತ್ತದೆ. 2025ರ ರೈಲ್ವೆ ವೇಳಾಪಟ್ಟಿ ಜಾರಿಗೆ ಬಂದದ್ದು ಜನವರಿ 1ರಂದು. ಹೊಸ ಪಟ್ಟಿ ಅಚ್ಚಾಗುವ ಮುನ್ನ ನಮ್ಮ ಕಾಗದ ಸೋಲಾಪುರ ಮುಟ್ಟಬೇಕಾದರೆ, ತೊಗರಿ ಬಿತ್ತನೆ ಮುಗಿದು ಜನ ಊರಲ್ಲಿರುವ ಶ್ರಾವಣದೊಳಗೆ ಆ ಕೆಲಸ ಆಗಬೇಕು.