ಲಿಂಗನಮಕ್ಕಿಯ ಬಾಕಿ

ಜಾರ್ಖಂಡದಲ್ಲಿ ಧನಬಾದ್ ಎಂಬ ಜಿಲ್ಲೆಯುಂಟು. ನೆಲದಡಿಯ ಕಲ್ಲಿದ್ದಲೇ ಅದರ ಬದುಕು. ಅಲ್ಲಿಂದ ಅಗೆದು ಸಾಗಿಸುವ ಕಲ್ಲಿದ್ದಲಿಗೆ ಗಣಿಯವರು ಸರ್ಕಾರಕ್ಕೆ ರಾಜಧನ ಕಟ್ಟುತ್ತಾರೆ. 2015ರಲ್ಲಿ ಗಣಿ ಕಾನೂನಿಗೆ ತಿದ್ದುಪಡಿಯಾದ ಮೇಲೆ, ರಾಜಧನದ ಮೇಲೆ ಶೇಕಡಾ 10ರಿಂದ 30ರವರೆಗೆ ಹೆಚ್ಚುವರಿ ಮೊಬಲಗನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಕಟ್ಟಬೇಕಾಗಿದೆ. ಗಣಿಯಿಂದ ಕೆಟ್ಟ ಊರುಗಳ ಕುಡಿಯುವ ನೀರು, ಆಸ್ಪತ್ರೆ, ಶಾಲೆಗಳಿಗೆ ಆ ಹಣ ಮೀಸಲು. ಅಲ್ಲಿನ ಕೂಲಿಕಾರನು ಸುಖವಾಗಿದ್ದಾನೆಂದು ನಾವು ಹೇಳುತ್ತಿಲ್ಲ. ಝರಿಯಾದ ನೆಲದಡಿಯ ಬೆಂಕಿ ನೂರು ವರ್ಷವಾದರೂ ಆರಿಲ್ಲ. ಆದರೂ ಒಂದು ತತ್ವವನ್ನು ಕಾನೂನು ಒಪ್ಪಿದೆ: ಯಾವ ನೆಲದಿಂದ ಸಂಪತ್ತು ಹೊರಟಿತೋ ಆ ನೆಲದ ಜನರಿಗೆ ಅದರಲ್ಲಿ ಪಾಲುಂಟು.

ನಮ್ಮ ನಾಡಿನಲ್ಲಿ ಕಲ್ಲಿದ್ದಲ ಗಣಿಯಿಲ್ಲ. ರಾಯಚೂರಿನ ಶಾಖೋತ್ಪನ್ನ ಸ್ಥಾವರ 1985ರಲ್ಲಿ ಹೊತ್ತಿಕೊಂಡಾಗಲೂ ಅದರ ಕಲ್ಲಿದ್ದಲು ಹೊರಗಿನಿಂದ ರೈಲಿನಲ್ಲೇ ಬರಬೇಕಾಯಿತು. ಅದಕ್ಕೆ ಮೊದಲು ಊರೂರಿನ ದೀಪ ಉರಿದದ್ದು, ಗಿರಣಿಯ ಕದಿರು ತಿರುಗಿದ್ದು ಬಹುಪಾಲು ನೀರಿನ ಬಲದಿಂದ. ಆದ್ದರಿಂದ ಕನ್ನಡಿಗರ ಕಲ್ಲಿದ್ದಲು ಶರಾವತಿ, ಕನ್ನಡಿಗರ ಗಣಿ ಲಿಂಗನಮಕ್ಕಿ ಎಂದರೆ ತಪ್ಪಾಗದು. ಹಾಗಾದರೆ ಈ ಗಣಿಯ ಜಿಲ್ಲೆಗೆ ಸಂದ ಪಾಲೆಷ್ಟು?

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ, ಸಾಗರ ತಾಲ್ಲೂಕುಗಳನ್ನು ಹಾದು, ಜೋಗದಲ್ಲಿ ಧುಮುಕಿ, ಹೊನ್ನಾವರದ ಬಳಿ ಕಡಲು ಸೇರುತ್ತದೆ. 1948ರಲ್ಲಿ ಜೋಗದ ವಿದ್ಯುದಾಗಾರಕ್ಕಾಗಿ ಹಿರೇಭಾಸ್ಕರದ ಅಣೆಕಟ್ಟು ಎದ್ದಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಬಂದು ಆ ಹಳೆಯ ಕಟ್ಟೆಯನ್ನೂ ನುಂಗಿತು. ಸುಮಾರು 151 ಟಿ.ಎಂ.ಸಿ. ನೀರು ಸುಮಾರು 300 ಚದರ ಕಿಲೋಮೀಟರು ನೆಲವನ್ನು ಆವರಿಸಿತು. ಇಂದು ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳಿಂದ 1,035, ಜೋಗದ ಮಹಾತ್ಮಾ ಗಾಂಧಿ ವಿದ್ಯುದಾಗಾರದಿಂದ 139, ಅಣೆಕಟ್ಟಿನ ಬುಡದಿಂದ 55, ಗೇರುಸೊಪ್ಪೆಯಿಂದ 240, ಒಟ್ಟು 1,469 ಮೆಗಾವಾಟ್ ಶಕ್ತಿ ಇದೊಂದೇ ಹೊಳೆಯ ಮೇಲೆ ನಿಂತಿದೆ.

ನೀರಿನಡಿ ಹೋದವರಲ್ಲಿ ಬಹಳ ಮಂದಿ ಗೇಣಿದಾರರು. 1951ರಲ್ಲಿ ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ ರೈತರು ಎದ್ದು ನಿಂತದ್ದನ್ನು, ಲೋಹಿಯಾ ಅವರು ಬಂದು ಬಂಧನಕ್ಕೊಳಗಾದದ್ದನ್ನು, ಮರುವರ್ಷ ಶಾಂತವೇರಿ ಗೋಪಾಲಗೌಡರನ್ನು ಜನ ವಿಧಾನಸಭೆಗೆ ಕಳಿಸಿದ್ದನ್ನು ಓದುಗರು ಬಲ್ಲರು. ಆ ಹೋರಾಟದ ಫಲವಾಗಿ ಉಳುವವನೇ ಹೊಲದೊಡೆಯ ಎಂಬ ಮಾತು ಕಾನೂನಾಗಿ ಕೈಗೆ ಬಂದದ್ದು 1974ರಲ್ಲಿ. ನೀರು ನಿಂತದ್ದು 1964ರಲ್ಲಿ. ಈ ಹತ್ತು ವರ್ಷಗಳ ಅಂತರದಲ್ಲೇ ದುರಂತವಿದೆ. ದಡದಲ್ಲಿ ಉಳಿದ ಗೇಣಿದಾರ ಡಿಕ್ಲರೇಶನ್ ಹಾಕಿ ಗದ್ದೆಯ ಒಡೆಯನಾದ. ಮುಳುಗಡೆಯ ಗೇಣಿದಾರನಿಗೆ ಡಿಕ್ಲರೇಶನ್ ಹಾಕಲು ಗದ್ದೆಯೇ ಇರಲಿಲ್ಲ. ಒಂದೇ ಹೋರಾಟ, ಒಂದೇ ಸೀಮೆ. ಒಬ್ಬನಿಗೆ ಪಹಣಿ, ಇನ್ನೊಬ್ಬನಿಗೆ ವಲಸೆ.

ಮುಂದೆ ಆಡಳಿತ ನಡೆದುಕೊಂಡ ರೀತಿ ಇನ್ನೂ ವಿಚಿತ್ರ. ಸಂತ್ರಸ್ತರನ್ನು ಸರ್ಕಾರವೇ ಜಿಲ್ಲೆಯ ಹಲವು ತಾಲ್ಲೂಕುಗಳ ಕಾಡಿನಂಚಿಗೆ ತಂದು ಬಿಟ್ಟಿತು. ಜನ ನೆಲ ಹಸನು ಮಾಡಿದರು, ಅಡಕೆ ಸಸಿ ನೆಟ್ಟರು. ಆದರೆ ಎಷ್ಟೋ ಕಡೆ ದಾಖಲೆಯಲ್ಲಿ ಆ ನೆಲ ಕಾಡಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆ ನೆಲವನ್ನು ಬಿಟ್ಟುಕೊಡಲು ಕೇಂದ್ರದ ಅನುಮತಿ ಬೇಕಾಯಿತು. ರಾಜ್ಯ ಸರ್ಕಾರ ಆ ಅನುಮತಿ ಪಡೆಯದೆಯೇ ಆದೇಶ ಹೊರಡಿಸಿತು. 2021ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ತಪ್ಪು ಕಚೇರಿಯದು, ದಂಡ ರೈತನದು. 2006ರ ಅರಣ್ಯ ಹಕ್ಕು ಕಾಯಿದೆಯ ಬಾಗಿಲು ತಟ್ಟೋಣವೆಂದರೆ, ಬುಡಕಟ್ಟಿನವರಲ್ಲದವರು 2005ಕ್ಕೆ ಹಿಂದಿನ 75 ವರ್ಷಗಳ ವಾಸ ತೋರಿಸಬೇಕು. ಸರ್ಕಾರವೇ 1960ರ ದಶಕದಲ್ಲಿ ಎಬ್ಬಿಸಿ ತಂದವನು 1930ರ ಗುರುತನ್ನು ಎಲ್ಲಿಂದ ತಂದಾನು? ಅವನ ಗುರುತೆಲ್ಲ ನೀರಿನಡಿ ಇದೆ.

2011ರ ಜನಗಣತಿಯಲ್ಲಿ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ 17,52,753. ಅದರಲ್ಲಿ ಮುಳುಗಡೆಯವರೆಷ್ಟು, ಅವರ ಮಕ್ಕಳು ಮೊಮ್ಮಕ್ಕಳೆಷ್ಟು, ಹಕ್ಕುಪತ್ರ ಕಂಡವರೆಷ್ಟು ಎಂದು ಹೇಳುವ ಅಂಕಣ ಜನಗಣತಿಯ ಪಟ್ಟಿಯಲ್ಲಿಲ್ಲ. ಅಣೆಕಟ್ಟಿನ ನೀರನ್ನು ದಿನದಿನವೂ ಅಡಿಯ ಲೆಕ್ಕದಲ್ಲಿ ಅಳೆದು ಬರೆಯುವ ಆಡಳಿತಕ್ಕೆ ಜನರನ್ನು ಎಣಿಸಲು ಮಾತ್ರ ಪುರಸೊತ್ತಾಗಲಿಲ್ಲ.

ಕರೂರು, ಬಾರಂಗಿ ಹೋಬಳಿಗಳ ಮಾತು ನೋಡಿ. ಹಿನ್ನೀರು ನಡುವೆ ಬಂದು ತುಮರಿ ಸೀಮೆಯನ್ನು ಸಾಗರ ಪೇಟೆಯಿಂದ ಕಡಿದುಹಾಕಿತು. ಹೊಳೆಬಾಗಿಲಿನ ಲಾಂಚೇ ಗತಿಯಾಯಿತು. ಹೆರಿಗೆಯ ನೋವಿಗೂ, ಅಡಕೆ ಮೂಟೆಗೂ, ಅಂಗಡಿಯ ಸಾಮಾನಿಗೂ ಲಾಂಚಿನ ವೇಳೆಯೇ ವೇಳೆ. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ತೆರೆದದ್ದು 2025ರ ಜುಲೈ 14ರಂದು. ನೀರು ನಿಂತು ಅರವತ್ತೊಂದು ವರ್ಷಗಳ ಮೇಲೆ! ಸೇತುವೆ ಬಂದದ್ದು ಸಂತೋಷ. ಆದರೆ ಅದು ಕೂಡ ಕೇಂದ್ರದ ಹೆದ್ದಾರಿ ಹಣದಿಂದ ಬಂದದ್ದೇ ಹೊರತು, ಶರಾವತಿಯ ವಿದ್ಯುತ್ತು ತನ್ನ ಸಾಲ ತೀರಿಸಿದ್ದಲ್ಲ.

ಹಾಗಾದರೆ ಕೇಳುವುದೇನು? ದಾರಿಯನ್ನು ದೆಹಲಿಯೇ ತೋರಿದೆ. 2008ರ ಜಲವಿದ್ಯುತ್ ನೀತಿಯಲ್ಲಿ, ಹೊಸ ಯೋಜನೆಗಳ ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಪಾಲನ್ನು ಸ್ಥಳೀಯ ಅಭಿವೃದ್ಧಿ ನಿಧಿಗೆ ಇಡಬೇಕೆಂದು ಹೇಳಿದೆ. ಹೊಸಬರಿಗೆ ನ್ಯಾಯವಾದದ್ದು ಹಳಬರಿಗೆ ಏಕೆ ನ್ಯಾಯವಲ್ಲ? ಮಾಧ್ಯಮಿಕ ಶಾಲೆಯ ಹುಡುಗನೂ ಮಾಡಬಲ್ಲ ಲೆಕ್ಕ ಇದು. ಶರಾವತಿಯ ಹತ್ತು ಯಂತ್ರಗಳು ಪೂರ್ಣ ಬಲದಲ್ಲಿ ಒಂದು ಗಂಟೆ ತಿರುಗಿದರೆ 10,35,000 ಯೂನಿಟ್. ನೂರಕ್ಕೊಂದು ಎಂದರೆ 10,350 ಯೂನಿಟ್. ಯೂನಿಟ್ಟಿಗೆ ಒಂದೇ ರೂಪಾಯಿ ಹಿಡಿಯಿರಿ. ದಿನಕ್ಕೆ ಹತ್ತೇ ಗಂಟೆ, ವರ್ಷಕ್ಕೆ ಇನ್ನೂರೇ ದಿನ ತಿರುಗಿತೆನ್ನಿ. ಆಗಲೂ ವರ್ಷಕ್ಕೆ 2 ಕೋಟಿ 7 ಲಕ್ಷ ರೂಪಾಯಿ. ಹಿಂದಿನ ವರ್ಷಗಳ ಬಾಕಿಯನ್ನು ಓದುಗರೇ ಗುಣಿಸಿಕೊಳ್ಳಲಿ.

2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಟ್ಟಿ ವಿದ್ಯುತ್ತು ಕೊಟ್ಟಿಲ್ಲವೆ ಎಂದು ಕೆಲವರು ಕೇಳಬಹುದು. ಅದು ನಾಡಿಗೆಲ್ಲ ಕೊಟ್ಟದ್ದು. ನೆಲ ಕಳೆದುಕೊಂಡವನಿಗೂ ಒಂದೇ, ಕಳೆದುಕೊಳ್ಳದವನಿಗೂ ಒಂದೇ. ನಾವು ಕೇಳುತ್ತಿರುವುದು ಕೃಪೆಯನ್ನಲ್ಲ, ಪಾಲನ್ನು. ವಿದ್ಯುತ್ತು ದುಬಾರಿಯಾದರೆ ಗಿರಣಿಗೆ ಹೊರೆಯಲ್ಲವೆ ಎಂದು ಕಾರ್ಮಿಕ ಮಿತ್ರರು ಕೇಳಿಯಾರು. ಪ್ರಶ್ನೆ ಸರಿಯಾದದ್ದು. ಈ ಒಂದು ಪಾಲನ್ನು ವಿದ್ಯುತ್ ನಿಗಮ ತನ್ನ ಗಳಿಕೆಯಿಂದ ಕೊಡಬೇಕು, ಬಿಲ್ಲಿಗೆ ಸೇರಿಸಕೂಡದು. ಕಾರ್ಮಿಕನ ಕೂಲಿಯನ್ನೂ ಮುಳುಗಡೆಯವನ ಹಕ್ಕನ್ನೂ ಎದುರುಬದುರು ನಿಲ್ಲಿಸುವುದು ಆಳುವವರ ಹಳೆಯ ಆಟ. ಮಗ್ಗ ತಿರುಗಿಸುವ ಕೈಗೂ, ಆ ಮಗ್ಗಕ್ಕೆ ಶಕ್ತಿ ಬರಲೆಂದು ಗದ್ದೆ ಬಿಟ್ಟ ಕೈಗೂ ಜಗಳವಿಲ್ಲ. ಹಳ್ಳಿಯವನ ಕೈಯಲ್ಲಿ ಕಾಸಿದ್ದರೆ ಪೇಟೆಯ ಸಣ್ಣ ವ್ಯಾಪಾರಿಯ ತಕ್ಕಡಿಯೂ ಆಡುತ್ತದೆ.

ಇಷ್ಟರಲ್ಲೇ ತಳಕಳಲೆ–ಗೇರುಸೊಪ್ಪೆಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸರ್ಕಾರ ಮುಂದಿಟ್ಟಿದೆ. ಇಳಿದ ನೀರನ್ನು ಮತ್ತೆ ಮೇಲಕ್ಕೆತ್ತಿ ಇಳಿಸುವ ಯೋಜನೆಯದು. ಎತ್ತಲು ಬೇಕಾದ ವಿದ್ಯುತ್ತು ಇಳಿಸಿ ಪಡೆಯುವುದಕ್ಕಿಂತ ಹೆಚ್ಚು. ಇನ್ನೊಂದು ಕಡೆ ಇದೇ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತೆದ್ದಾಗ, 2019ರ ಜುಲೈ 10ರಂದು ಜಿಲ್ಲೆ ಬಂದ್ ಆಚರಿಸಿ ತನ್ನ ಮನಸ್ಸು ತಿಳಿಸಿತ್ತು. ಹಳೆಯ ಸಾಲ ತೀರಿಸದವನಿಗೆ ಯಾವ ಅಂಗಡಿಯವನೂ ಹೊಸ ಖಾತೆ ತೆರೆಯುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಮೂರು. ಮೊದಲನೆಯದು, ಮುಳುಗಡೆ ಕುಟುಂಬಗಳ ಪಟ್ಟಿಯನ್ನು ತಾಲ್ಲೂಕುವಾರು ತಯಾರಿಸಿ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಆ ಪಟ್ಟಿಯಂತೆ ಕೇಂದ್ರದ ಅನುಮತಿ ಕ್ರಮವಾಗಿ ಪಡೆದು ಹಕ್ಕುಪತ್ರ ಕೊಡಬೇಕು. ಎರಡನೆಯದು, ಶರಾವತಿ ವಿದ್ಯುತ್ತಿನ ನೂರಕ್ಕೊಂದು ಪಾಲು ಮುಳುಗಡೆ ಸೀಮೆಯ ನಿಧಿಗೆ ಸಲ್ಲಬೇಕು. ಅದರ ಜಮಾ ಖರ್ಚನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಮೂರನೆಯದು, ಇವೆರಡೂ ಆಗುವವರೆಗೆ ಈ ಕಣಿವೆಯಲ್ಲಿ ಹೊಸ ಯೋಜನೆಯ ಒಂದು ಕಲ್ಲೂ ಏಳಕೂಡದು.

ಕಾಗೋಡಿನ ರೈತ ಕೇಳಿದ್ದು ದೊಡ್ಡದೇನಲ್ಲ, ಅಳತೆ ಸರಿಯಿರಲಿ ಎಂದಷ್ಟೆ. ಲಿಂಗನಮಕ್ಕಿಯ ಜನ ಕೇಳುವುದೂ ಅದನ್ನೇ. ಗಿರಣಿಯ ಬಾಗಿಲಲ್ಲಿ, ಸಂತೆಯ ಬೀದಿಯಲ್ಲಿ ಈ ಮೂರು ಬೇಡಿಕೆಗಳ ಮಾತಾಗಲಿ. ಮತ ಕೇಳಲು ಬರುವ ಪ್ರತಿಯೊಬ್ಬನ ಮುಂದೆಯೂ ಈ ಲೆಕ್ಕದ ಚೀಟಿ ಇರಲಿ.