ಬರುವ ಮಳೆಗಾಲದ ಹಿತ್ತಲಿಗೆ ಹೊಸ ಬೆಳೆ ಯಾವುದು?

ಅಡಿಕೆ ಕೊಯ್ಲಿನ ಗಡಿಬಿಡಿ ಇಳಿಯುತ್ತಿದ್ದಂತೆ ಮಲೆನಾಡಿನ ಮನೆಗಳಲ್ಲಿ ಬರುವ ಮಳೆಗಾಲದ ಹಿತ್ತಲಿನ ಯೋಚನೆ ಆರಂಭವಾಗುತ್ತದೆ. ಈಚಿನ ವರ್ಷಗಳಲ್ಲಿ ಈ ಯೋಚನೆ ನರ್ಸರಿಯ ಕಡೆಗೇ ಹೊರಳುತ್ತಿದೆ. ಡ್ರ್ಯಾಗನ್ ಹಣ್ಣು, ರಂಬುಟಾನ್, ಬೆಣ್ಣೆಹಣ್ಣುಗಳು ಅಂಗಳಕ್ಕೆ ಬಂದ ಹೊಸ ನೆಂಟರು. ಹೊಸದನ್ನು ನೆಡುವ ಕುತೂಹಲ ತಪ್ಪಲ್ಲ. ಮೆಣಸಿನಕಾಯಿ, ಗೇರು, ಅನಾನಸುಗಳೂ ಅಮೆರಿಕ ಖಂಡದಿಂದ ಬಂದವೇ. ಸೀಮೆಬದನೆ, ಪರಂಗಿಹಣ್ಣು ಎಂಬ ಹೆಸರುಗಳಲ್ಲಿ ಆ ವಲಸೆಯ ಗುರುತು ಇಂದಿಗೂ ಉಳಿದಿದೆ. ಆದರೆ ದೂರದಿಂದ ಬಂದದ್ದಷ್ಟೇ ಹೊಸದೇ ಎಂಬುದನ್ನು ವಿಚಾರಿಸಬೇಕಾಗಿದೆ.

ಹೆಗ್ಗೆಣಸು, ಬಳ್ಳಿಯಲ್ಲೇ ಗಡ್ಡೆ ಬಿಡುವ ಬಳ್ಳಿ ಆಲೂಗಡ್ಡೆ, ಕಾಯಿಗೆ ನಾಲ್ಕು ಅಂಚುಗಳುಳ್ಳ ರೆಕ್ಕೆ ಅವರೆ, ಮರದ ಕವಲಿನಲ್ಲಿ ಚಿಗುರುವ ಮರಗೆಸು – ಇವು ಇಂದಿನ ಎಷ್ಟೋ ಮಕ್ಕಳಿಗೆ ರಂಬುಟಾನ್‌ಗಿಂತ ಅಪರಿಚಿತ. ಅಪರೂಪದ ಬೆಳೆಯನ್ನು ಹುಡುಕುವವರು ಮೊದಲು ನೆರೆಮನೆಯ ಹಿತ್ತಲನ್ನು ನೋಡುವುದು ಒಳಿತು.

ಇದಕ್ಕೆ ಆತುರದ ಕಾರಣವೂ ಇದೆ. ಅವರೆ, ಅಲಸಂದೆಗಳ ಬೀಜವನ್ನು ಒಣಗಿಸಿ ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟರೆ ಒಂದೆರಡು ವರ್ಷ ಕಾಯುತ್ತವೆ. ಗಡ್ಡೆಗೆ ಆ ತಾಳ್ಮೆಯಿಲ್ಲ. ನಿದ್ರಾವಸ್ಥೆ ಮುಗಿದೊಡನೆ ಅಟ್ಟದ ಕತ್ತಲಲ್ಲೂ ಮೊಳೆಯುತ್ತದೆ; ಮಣ್ಣು ಸಿಗದಿದ್ದರೆ ಸೊರಗಿ ಸಾಯುತ್ತದೆ. ಒಂದು ಮಳೆಗಾಲ ನೆಡದೆ ಬಿಟ್ಟರೆ ಆ ಮನೆಯ ತಳಿ ಅಲ್ಲಿಗೇ ಕೊನೆಗೊಂಡಂತೆ. ಹಿತ್ತಲು ಅಡಿಕೆ ತೋಟಕ್ಕೆ ಸೇರಿದಾಗ, ಮನೆಯ ಹಿರಿಯಜ್ಜಿ ಹಾಸಿಗೆ ಹಿಡಿದಾಗ ಆಗುವ ನಷ್ಟ ಇದೇ. ಕಾಡುಹಂದಿ, ಮುಳ್ಳುಹಂದಿಗಳ ಕಾಟದಿಂದ ಗಡ್ಡೆ ನೆಡುವುದನ್ನೇ ಬಿಟ್ಟವರೂ ಉಂಟು. ಅಂಥವರು ಮಣ್ಣು, ಗೊಬ್ಬರ ತುಂಬಿದ ಚೀಲದಲ್ಲಿ ನಾಲ್ಕೈದು ಬುಡಗಳನ್ನು ಮನೆಯ ಗೋಡೆಯ ಬಳಿಯೇ ಬೆಳೆಸಬಹುದು. ಮಾರಾಟಕ್ಕೆ ಅದು ಸಾಲದು, ತಳಿ ಉಳಿಯಲು ಸಾಕು.

ಗಿಡದೊಂದಿಗೆ ಅದರ ತಿಳಿವಳಿಕೆಯೂ ಬರಬೇಕು. ರೆಕ್ಕೆ ಅವರೆ ಹಗಲು ಕಿರಿದಾಗುವವರೆಗೆ ಹೂವು ಬಿಡುವುದಿಲ್ಲ. ಇದನ್ನರಿಯದವರು ಮಳೆಗಾಲವಿಡೀ ಬರಿಯ ಸೊಪ್ಪನ್ನು ಕಂಡು ಬಳ್ಳಿಯನ್ನೇ ಕಿತ್ತೆಸೆಯುತ್ತಾರೆ. ಸುವರ್ಣಗಡ್ಡೆ, ಕೆಸುಗಳ ತುರಿಕೆಗೆ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಕಾರಣ. ಚೆನ್ನಾಗಿ ಬೇಯಿಸಿ ಹುಳಿ ಹಾಕುವ ರೂಢಿ ಸುಮ್ಮನೆ ಬಂದದ್ದಲ್ಲ. ಚಕ್ರಮುನಿ ಸೊಪ್ಪು ಹಲವು ದೇಶಗಳಲ್ಲಿ ಬೇಯಿಸಿ ಉಣ್ಣುವ ತರಕಾರಿ. 1990ರ ದಶಕದ ಮಧ್ಯಭಾಗದಲ್ಲಿ ತೈವಾನಿನಲ್ಲಿ ಮೈ ತೂಕ ಇಳಿಸಲೆಂದು ಅದರ ಹಸಿ ರಸವನ್ನು ದಿನವೂ ಕುಡಿದ ಅನೇಕರು ತೀವ್ರ ಶ್ವಾಸಕೋಶದ ಕಾಯಿಲೆಗೆ ತುತ್ತಾದರು. ಸೊಪ್ಪು ಅಲ್ಲಿಗೆ ತಲುಪಿತ್ತು, ಅದನ್ನು ಉಣ್ಣುವ ಕ್ರಮ ತಲುಪಿರಲಿಲ್ಲ.

ಬೇಲಿಯೊಳಗೆ ನಿಲ್ಲದ ಗಿಡದ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು. 19ನೇ ಶತಮಾನದಲ್ಲಿ ಹೂವಿನ ಚೆಲುವಿಗಾಗಿ ಭಾರತಕ್ಕೆ ತಂದ ಲಂಟಾನ ಇಂದು ಕಾಡುಗಳ ದೊಡ್ಡ ಭಾಗವನ್ನು ನುಂಗಿದೆ. ಹಕ್ಕಿಗಳು ಬೀಜ ಹರಡುವ, ತುಂಡಾದಲ್ಲೆಲ್ಲ ಬೇರೂರುವ ಅಪರಿಚಿತ ಸಸ್ಯವನ್ನು ಕಾಡಂಚಿನ ಹಿತ್ತಲಿಗೆ ತರುವ ಮುನ್ನ ಹತ್ತು ಬಾರಿ ಯೋಚಿಸಬೇಕು.

ಭರಣಿ, ಕೃತ್ತಿಕೆ ಮಳೆ ಬೀಳುವ ಮೊದಲು ಪ್ರತಿ ಮನೆಯೂ ಊರಿನ ಒಂದಾದರೂ ಮರೆತ ಗಡ್ಡೆ ಅಥವಾ ಬೀಜವನ್ನು ಹುಡುಕಿ ತರಲಿ. ನೆಡುವ, ಅಡುವ ಕ್ರಮವನ್ನು ಕೊಟ್ಟವರಿಂದಲೇ ಕೇಳಿ ಬರೆದಿಡಲಿ. ಬೆಳೆದದ್ದರಲ್ಲಿ ಎರಡು ಪಾಲು ಎರಡು ಮನೆಗಳಿಗೆ ಹೋಗಲಿ. ಬೀಜ ಉಳಿಸುವ, ಹಂಚುವ, ವಿನಿಮಯ ಮಾಡುವ ರೈತರ ಹಕ್ಕನ್ನು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಮಾನ್ಯ ಮಾಡಿದೆ. ಆದರೆ ಹಂಚಲು ಗಡ್ಡೆಯೇ ಇಲ್ಲದ ಊರಿನಲ್ಲಿ ಆ ಹಕ್ಕು ಕಾಗದದ ಮೇಲಷ್ಟೇ ಉಳಿದೀತು. ಮೂರು ಮನೆಗಳಲ್ಲಿರುವ ತಳಿ ಒಂದು ಮನೆಯಲ್ಲಿ ಹಂದಿಯ ಪಾಲಾದರೂ ಊರಿನಲ್ಲಿ ಬದುಕಿರುತ್ತದೆ.