ಫೋಟೋದವರಿಗೆ ಗಂಟೆ ಹೇಳುವ ಮೊದಲು ಶಾಸ್ತ್ರ ಎಣಿಸಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಯಾವ ಊರಿನ ಸ್ಟುಡಿಯೋಗೆ ಹೋದರೂ ಮೊದಲು ಕೇಳೋದು ಒಂದೇ: ‘ಸಂಜೆ ಆರತಕ್ಷತೆ, ಬೆಳಗ್ಗೆ ಮುಹೂರ್ತ, ಎರಡೂ ತಾನೆ?’ ನಾವು ಹೂಂ ಅಂತೀವಿ, ಅಡ್ವಾನ್ಸ್ ಕೊಟ್ಟು ಬರ್ತೀವಿ.

ಲೆಕ್ಕ ಹಾಕಿ ನೋಡಿ. ಸಂಜೆ 7ರಿಂದ 11, ಬೆಳಗ್ಗೆ 5ರಿಂದ 10. ಒಟ್ಟು 9 ಗಂಟೆ. ಅದರಲ್ಲಿ ಸಂಜೆಯದೆಲ್ಲ ಮುಯ್ಯಿ ಕವರ್ ಹಿಡಿದವರ ಸಾಲು. ಗಂಡು ಹೆಣ್ಣು ನಿಂತಲ್ಲೇ ನಿಂತಿರ್ತಾರೆ, ಪಕ್ಕದವರು ಬದಲಾಗ್ತಾರೆ ಅಷ್ಟೆ. ಆಲ್ಬಂ ತುಂಬಾ ಇದೇ.

ಮನೆ ಮುಂದೆ ಚಪ್ಪರ ಹಾಕಿದ ದಿನ ಕ್ಯಾಮೆರಾ ಇರಲ್ಲ. ನಮ್ಮಲ್ಲೊಬ್ಬರ ಅಕ್ಕನ ಮದುವೆಯಲ್ಲಿ ಹಸೆ ಬರೆದು, ಅರಿಶಿಣ ಹಚ್ಚಿ, ಸೋಬಾನೆ ಹೇಳಿದ್ದು ಅಜ್ಜಿ. ಮರುವರ್ಷ ಅಜ್ಜಿ ತೀರಿಕೊಂಡರು. ಉಳಿದಿರೋದು ಯಾರೋ ಮೊಬೈಲಲ್ಲಿ ಹಿಡಿದ ಹತ್ತು ಸೆಕೆಂಡು, ಅದರಲ್ಲೂ ಅರ್ಧ ಮಿಕ್ಸಿ ಸದ್ದು.

ಅದಕ್ಕೇ ಹೇಳ್ತಿರೋದು, ಆರತಕ್ಷತೆಗೆ 2 ಗಂಟೆ ಸಾಕು. ಉಳಿದ 2 ಗಂಟೆ ಚಪ್ಪರದ ದಿನಕ್ಕೆ ಕೇಳಿ, ಒಬ್ಬರೇ ಬಂದರೂ ಆಯ್ತು. ಬೇರೆ ದಿನ ಬರೋದಕ್ಕೆ ಅವರು ಸ್ವಲ್ಪ ಹೆಚ್ಚು ಕೇಳಬಹುದು, ನ್ಯಾಯವೇ. ಡ್ರೋನ್ ಬಿಟ್ಟು ಆ ದುಡ್ಡು ಕೊಡಿ. ಛತ್ರದ ಶೀಟನ್ನ ಮೇಲಿಂದ ನೋಡಿ ಏನಾಗಬೇಕು?

ಬೆಳಗಿನ ಹೊತ್ತು ಮಾತ್ರ ಕಡಿಮೆ ಮಾಡಬೇಡಿ. ಲಗ್ನ ಜಾಸ್ತಿ ಇರೋ ದಿನ ತಾಳಿ ಕಟ್ಟಿದ ಕೂಡಲೇ ಇನ್ನೊಂದು ಛತ್ರಕ್ಕೆ ಓಡುವವರಿದ್ದಾರೆ. ಅಪ್ಪ ಅಳೋದು ಹೆಣ್ಣೊಪ್ಪಿಸುವಾಗ. ಅಲ್ಲಿವರೆಗೂ ಇರಬೇಕು ಅಂತ ಅಡ್ವಾನ್ಸ್ ಚೀಟಿ ಮೇಲೇ ಬರೆಸಿಕೊಳ್ಳಿ.